ಗಜನಿಯ ಹಲಗೆಬಾಗಿಲು
ಕುಮಟಾ ಬಳಿಯ ಅಘನಾಶಿನಿ ಅಳಿವೆಯಲ್ಲಿ, ಗಜನಿ ಎಂಬ ಉಪ್ಪುನೀರಿನ ಗದ್ದೆಗಳ ಕಟ್ಟೆಗೆ ಮರದ ಹಲಗೆಬಾಗಿಲುಗಳಿವೆ. ಕಡಲಿನ ನಡೆ ಬಲ್ಲವರಿಗಷ್ಟೇ ಇಂಥ ಬಾಗಿಲು ಮಾಡಲು ಸಾಧ್ಯ.

ಕಾರವಾರದಿಂದ ಮಂಗಳೂರಿನವರೆಗೆ ಕಡಲು ದಿನಕ್ಕೆರಡು ಸಲ ಉಬ್ಬಿ ಎರಡು ಸಲ ಇಳಿಯುತ್ತದೆ; ಆದರೆ ಎರಡೂ ಉಬ್ಬರಗಳ ಎತ್ತರ ಒಂದೇ ಅಲ್ಲ. ಇದು ಮಿಶ್ರ ಬಗೆ. ಮೆಕ್ಸಿಕೊ ಕೊಲ್ಲಿಯ ಹಲವೆಡೆ ದಿನಕ್ಕೆ ಒಂದೇ ಉಬ್ಬರ. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಏರಿಳಿತ 10 ಮೀಟರ್ ದಾಟಿದರೆ, ನಮ್ಮಲ್ಲಿ ಹೆಚ್ಚೆಂದರೆ 2 ಮೀಟರ್ ಆಸುಪಾಸು. ಚಂದ್ರೋದಯದ ಹಾಗೆ ಉಬ್ಬರವೂ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಸೂರ್ಯ, ಚಂದ್ರರ ಸೆಳೆತ ಕೂಡಿಕೊಂಡು ನೀರು ಜೋರಾಗಿ ಏರುತ್ತದೆ. ಅಷ್ಟಮಿಯ ಹೊತ್ತಿಗೆ ಮಂದ.

ಈ ಏರಿಳಿತ ನೋಡಿಕೊಂಡೇ ಗಜನಿಯ ರೈತರು ಬಾಗಿಲು ನಡೆಸುತ್ತಾರೆ. ಮಳೆಗಾಲದಲ್ಲಿ ಕಗ್ಗ ಎಂಬ ಭತ್ತ ಬೆಳೆಯುವಾಗ ಉಬ್ಬರಕ್ಕೆ ಹಲಗೆ ಇಳಿಸಿ ಉಪ್ಪುನೀರು ತಡೆಯುತ್ತಾರೆ, ಇಳಿತಕ್ಕೆ ಎತ್ತಿ ಮಳೆನೀರು ಹೊರಬಿಡುತ್ತಾರೆ. ಕೊಯ್ಲಾದ ಮೇಲೆ ಉಬ್ಬರವನ್ನೇ ಒಳಗೆ ಬಿಟ್ಟುಕೊಳ್ಳುತ್ತಾರೆ. ಅದರೊಡನೆ ಸಿಗಡಿ, ಮೀನೂ ಬರುತ್ತವೆ. ಇಳಿತದಲ್ಲಿ ಬಾಗಿಲಿಗೆ ಬಲೆ ಕಟ್ಟಿದರೆ ಅವು ಕೈಗೆ ಸಿಗುತ್ತವೆ. ಪಂಪಿಲ್ಲ, ಕರೆಂಟಿಲ್ಲ. ಒಂದೇ ಬಾಗಿಲಿನಿಂದ ಅನ್ನವನ್ನೂ ಮೀನನ್ನೂ ಪಡೆದ ಈ ರೈತರ ತಿಳಿವಳಿಕೆಗೆ ನಮ್ಮ ಕರಾವಳಿಯ ಕೃಷಿಯಲ್ಲಿ ದೊಡ್ಡ ಗೌರವ ಸಲ್ಲಬೇಕು.