ತೂಕ ಇಳಿಸುವ ಗಣಿತಕ್ಕೆ ಮಾರಿಕಣಿವೆಯ ಪರೀಕ್ಷೆ

ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಕಲ್ಲು-ಗಾರೆಯ ಗೋಡೆ ಏಳುತ್ತಿದ್ದ ದಿನಗಳವು. 1904ರಲ್ಲಿ ಆಸ್ಟ್ರೇಲಿಯಾದ ಎಂಜಿನಿಯರ್ ಮಿಚೆಲ್ ಲೇಖನವೊಂದರಲ್ಲಿ ಕೇಳಿದ: ಇಷ್ಟು ಭಾರ ಹೊರಲು ಕನಿಷ್ಠ ಎಷ್ಟು ಸಾಮಗ್ರಿ ಸಾಕು? 1988ರಲ್ಲಿ ಬೆಂಡ್ಸೋ ಮತ್ತು ಕಿಕುಚಿ ಆ ಪ್ರಶ್ನೆಗೆ ಕಂಪ್ಯೂಟರಿನ ದಾರಿ ತೋರಿದರು. ಅದೇ ಇಂದಿನ ಟೊಪಾಲಜಿ ಆಪ್ಟಿಮೈಸೇಶನ್. ಬೆಂಗಳೂರಿನ ಐಐಎಸ್‌ಸಿಯ ಜಿ.ಕೆ. ಅನಂತಸುರೇಶ್ ಇದನ್ನು ಕೀಲುಗಳಿಲ್ಲದೆ ಬಾಗಿಯೇ ಕೆಲಸ ಮಾಡುವ ಯಂತ್ರಭಾಗಗಳಿಗೆ ಒಗ್ಗಿಸಿದವರಲ್ಲಿ ಒಬ್ಬರು.

ವಿಧಾನ ಚೆಲುವಾದದ್ದು, ಒಪ್ಪಲೇಬೇಕು. ಜಾಗವನ್ನು ಸಾವಿರಾರು ಚೌಕಗಳಾಗಿಸಿ, ಒಂದೊಂದಕ್ಕೂ ಸೊನ್ನೆಯಿಂದ ಒಂದರವರೆಗೆ ಸಾಂದ್ರತೆ ಕೊಡುತ್ತಾರೆ. ಬಿಗುವು, ಅಂದರೆ ಬಾಗದೆ ತಡೆಯುವ ಗುಣ, ಸಾಂದ್ರತೆಯ ಘನಕ್ಕೆ ತಕ್ಕಂತೆ ಎಂದು ಹಿಡಿಯುವುದರಲ್ಲಿದೆ ಜಾಣ್ಮೆ: ಅರ್ಧ ಸಾಮಗ್ರಿಗೆ ಎಂಟನೇ ಒಂದು ಪಾಲು ಬಿಗುವು. ಅರೆಬರೆ ಚೌಕಗಳಿಂದ ನಷ್ಟವೇ ಆಗುವುದರಿಂದ ಕೊನೆಗೆ ತುಂಬಿದ್ದು, ಖಾಲಿಯಾದದ್ದು ಎರಡೇ ಉಳಿಯುತ್ತವೆ.

ಆದರೆ ಅಣೆಕಟ್ಟಿಗೆ ಸ್ವಂತ ತೂಕವೇ ದೊಡ್ಡ ಭಾರ. ಅಲ್ಲಿ ಈ ಜಾಣ್ಮೆ ಕೈಕೊಡುತ್ತದೆ. ಹತ್ತನೇ ಒಂದು ಸಾಂದ್ರತೆಯ ಚೌಕಕ್ಕೆ ತೂಕ ಹತ್ತನೇ ಒಂದಾದರೆ ಬಿಗುವು ಸಾವಿರದಲ್ಲೊಂದು; ಇದ್ದೂ ಇಲ್ಲದಂಥ ಕಲ್ಲು ತನ್ನ ಭಾರಕ್ಕೆ ತಾನೇ ಜಗ್ಗಿ ಲೆಕ್ಕವನ್ನು ದಿಕ್ಕೆಡಿಸುತ್ತದೆ. ಸೂತ್ರ ತಿದ್ದಿ ಇದಕ್ಕೆ ಮದ್ದು ಕಂಡುಕೊಂಡಿದ್ದಾರೆ, ಸರಿ. ನನ್ನ ತಕರಾರು ಬೇರೆ. ಮಾರಿಕಣಿವೆಯಂಥ ಕಟ್ಟೆ ನೀರನ್ನು ತಡೆದು ನಿಂತಿರುವುದೇ ತೂಕದಿಂದ. ಬಿಗುವನ್ನಷ್ಟೇ ಗುರಿಯಾಗಿಸಿಕೊಂಡ ಪ್ರೋಗ್ರಾಂಗೆ ಕಟ್ಟೆ ಮಗುಚಿ ಬೀಳಬಹುದೆಂಬ ಭಯವಿಲ್ಲ. ಬೇರೆಯಾಗಿ ಹೇಳಿಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ಹೇಳಿಕೊಡಲು ಮರೆತರೆ? 1895ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ಬೂಝೆ ಅಣೆಕಟ್ಟು ಒಡೆದು ಎಂಬತ್ತಕ್ಕೂ ಹೆಚ್ಚು ಜನ ಸತ್ತರು. ಕಲ್ಲುಗಳ ನಡುವೆ ನುಗ್ಗಿ ಮೇಲಕ್ಕೆತ್ತುವ ನೀರಿನ ಒತ್ತಡವನ್ನು ಅದರ ವಿನ್ಯಾಸದಲ್ಲಿ ಲೆಕ್ಕಕ್ಕೆ ಹಿಡಿದಿರಲಿಲ್ಲ. ಮಾರಿಕಣಿವೆಯ ಕೆಲಸ ಶುರುವಾದದ್ದು ಅದಾಗಿ ಮೂರು ವರ್ಷಕ್ಕೆ. 1933ರಲ್ಲಿ ತುಂಬಿ ಕೋಡಿ ಬಿದ್ದ ಈ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. 89 ವರ್ಷ ಮೈತೋರದೆ ಇದ್ದ ಭಾರವು ಭಾರಗಳ ಪಟ್ಟಿಯಿಂದ ಜಾರಿಹೋಗುವುದು ಎಷ್ಟು ಸುಲಭ! ಪಟ್ಟಿಯಲ್ಲಿಲ್ಲದ ಭಾರಕ್ಕಾಗಿ ಕಂಪ್ಯೂಟರ್ ಒಂದು ಹಿಡಿ ಕಲ್ಲನ್ನೂ ಉಳಿಸುವುದಿಲ್ಲ.

ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳ ಮಾತು ಬೇರೆ. ರೆಕ್ಕೆಗಳನ್ನು ಹಿಡಿದಿರುವ ಎರಕದ ಹಬ್‌ನಲ್ಲಿ ತಗ್ಗಿಸಿದ ಪ್ರತಿ ಕಿಲೋ ಕ್ರೇನಿಗೂ ಕಂಬಕ್ಕೂ ಹಗುರ. ಅಲ್ಲಿ ಈ ವಿಧಾನ ಧಾರಾಳವಾಗಿ ಬರಲಿ. ಗಾಳಿಯ ಏರಿಳಿತಕ್ಕೆ ಮತ್ತೆಮತ್ತೆ ಬಾಗಿ ಲೋಹ ದಣಿಯುವ ಲೆಕ್ಕವೂ ಜೊತೆಗಿರಬೇಕು. ಆದರೆ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿಗಳಲ್ಲಿ ಬಣ್ಣಬಣ್ಣದ ಆಕೃತಿಗೆ ಇಡೀ ಪುಟ ಸಿಗುತ್ತದೆ, ಭಾರಗಳ ಪಟ್ಟಿಗೆ ಎರಡು ಸಾಲು. ಅಂಕ ಕೊಡುವವರು ಮೊದಲು ಓದಬೇಕಾದದ್ದು ಆ ಎರಡು ಸಾಲನ್ನು.