ಬಸವಪುರಾಣದಲ್ಲಿ ನ್ಯಾಯನಿರ್ಣಯ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಪರಿಸರದಲ್ಲಿ ಶ್ರಾವಣಮಾಸದ ಪುರಾಣಶ್ರವಣ ಹಿಂದಿನಿಂದ ನಡೆದುಬಂದ ಪದ್ಧತಿ. ಬಸವಣ್ಣನವರ ಬಾಲ್ಯದ ನೆಲ ಬಾಗೇವಾಡಿ. ಮಡಿವಾಳ ಮಾಚಿದೇವರದು ಹಿಂದೆ ಸಿಂದಗಿ ತಾಲೂಕಿಗೆ ಸೇರಿದ್ದು ಈಗ ತಾನೇ ತಾಲೂಕು ಕೇಂದ್ರವಾಗಿರುವ ದೇವರ ಹಿಪ್ಪರಗಿ. ಹಡಪದ ಅಪ್ಪಣ್ಣನವರ ನೆನಪನ್ನು ಉಳಿಸಿಕೊಂಡ ತಂಗಡಗಿ ಮುದ್ದೇಬಿಹಾಳದ ಕಡೆ ಕೃಷ್ಣಾತೀರದಲ್ಲಿದೆ. ಹೀಗಾಗಿ ಇಲ್ಲಿಯ ಶ್ರೋತೃಗಳಿಗೆ ಪುರಾಣದ ಶರಣರು ಪರಸ್ಥಳದವರಲ್ಲ, ಮನೆಯ ಹಿರಿಯರು. ಬಿಜ್ಜಳನ ಹೆಸರು ಬಂದೊಡನೆಯೇ ತಪ್ಪು ಯಾರದೆಂಬುದು ಅವರ ಮನಸ್ಸಿನಲ್ಲಿ ತೀರ್ಮಾನವಾಗಿರುತ್ತದೆ. ಮುಂದಿನ ಕಥೆಯೆಲ್ಲ ಆ ತೀರ್ಮಾನಕ್ಕೆ ಸಾಕ್ಷಿ ಒದಗಿಸುವುದಷ್ಟಕ್ಕೇ ನಿಲ್ಲುತ್ತದೆ. ಭಕ್ತಿಗೆ ಇದು ಸಹಜ. ಆದರೆ 1369ರಲ್ಲಿ ಭೀಮಕವಿ ಕನ್ನಡಿಸಿದ ಬಸವಪುರಾಣವನ್ನು ಹೀಗೆ ಓದಿದರೆ ಕಾವ್ಯಕ್ಕೆ ನಷ್ಟ. ಕವಿ ಅಷ್ಟು ಅವಸರದ ನ್ಯಾಯಗಾರನಲ್ಲ.

ಭಂಡಾರದ ಪ್ರಸಂಗವನ್ನೇ ನೋಡಬಹುದು. ಅರಮನೆಯ ಹಣವನ್ನು ಬಸವಣ್ಣನವರು ಜಂಗಮರಿಗೆ ಸೂರೆಗೊಡುತ್ತಿದ್ದಾರೆಂದು ಕೊಂಡೆಯರು ದೂರುತ್ತಾರೆ. ಬಿಜ್ಜಳ ಕಿವಿಗೊಡುತ್ತಾನೆ, ಅದು ಅವನ ದೌರ್ಬಲ್ಯ. ಆದರೆ ದಂಡಿಸುವ ಮೊದಲು ಹಣವನ್ನು ಎಣಿಸಿ ನೋಡುವ ವಿವೇಕ ಅವನಲ್ಲಿನ್ನೂ ಉಳಿದಿದೆ. ಎಣಿಕೆಯಲ್ಲಿ ಕೊರತೆ ಕಾಣದಾದಾಗ ಅರಸನಿಗೆ ನಾಚಿಕೆಯಾಗುತ್ತದೆ. ಶ್ರೋತೃಗಳು ಸಂತೋಷಪಡುವುದು ಭಂಡಾರ ತುಂಬಿದ ಪವಾಡಕ್ಕೆ. ಎಣಿಸಿದನಲ್ಲ ಎಂಬುದನ್ನು ಗಮನಿಸುವವರು ವಿರಳ. ಊರ ದೈವ ಕೂಡಿ ಹೊಲದ ಬದುವಿನ ವ್ಯಾಜ್ಯ ಬಗೆಹರಿಸುವಾಗ ಸ್ಥಳಕ್ಕೆ ಹೋಗಿ ಅಳೆಯದೆ ಮಾತಾಡಿದ ಹಿರಿಯನನ್ನು ಯಾರೂ ಒಪ್ಪುವುದಿಲ್ಲ. ಆ ಒಂದು ಮಟ್ಟಿಗೆ ಬಿಜ್ಜಳನು ಇಲ್ಲಿ ಅರಸುತನವನ್ನು ಉಳಿಸಿಕೊಂಡಿದ್ದಾನೆ.

ಮಾಚಿದೇವರ ಪ್ರಸಂಗಕ್ಕೆ ಬಂದಾಗ ಈ ವಿವೇಕ ಕಾಣೆಯಾಗುತ್ತದೆ. ಶಿವಭಕ್ತರ ಬಟ್ಟೆಗಳನ್ನು ಮಾತ್ರ ಮಡಿಮಾಡುವುದು ಮಾಚಿದೇವರ ನೇಮ. ಆ ಗಂಟನ್ನು ಮುಟ್ಟಿದ ಭವಿಯೊಬ್ಬ ಪ್ರಾಣ ಕಳೆದುಕೊಳ್ಳುತ್ತಾನೆ. ದೂರು ಕೇಳಿದ ಬಿಜ್ಜಳ ವಿಚಾರಿಸದೆ ಆನೆಯನ್ನೂ ಪಡೆಯನ್ನೂ ಅಟ್ಟಿ ಸೋಲುತ್ತಾನೆ. ಅರಸನ ಸೋಲಿನಲ್ಲಿ ಸಭೆಗೆ ನ್ಯಾಯ ದೊರೆತಂತಾಗುತ್ತದೆ. ಆದರೆ ಗಂಟು ಮುಟ್ಟಿದ ತಪ್ಪಿಗೆ ಪ್ರಾಣವೇ ದಂಡವೆ ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಇದೇ ಕೃತ್ಯ ಅರಮನೆಯ ಬಾಗಿಲಲ್ಲಿ ಅರಸನ ಭಟನಿಂದ ನಡೆದಿದ್ದರೆ ಅದೇ ಸಭೆ ಅದನ್ನು ಕ್ರೌರ್ಯವೆನ್ನುತ್ತಿತ್ತು. ವೀರಭಕ್ತಿಯ ನಿಷ್ಠೆಯನ್ನು ಹೇಳುವ ರೂಪಕವಿದು ಎಂಬ ಸಮಾಧಾನವಿದೆ. ಅದು ಸುಳ್ಳಲ್ಲ, ಸತ್ತವನ ಮಟ್ಟಿಗೆ ಸಾಲದು.

ಕೊನೆಗೆ ಅಲ್ಲಯ್ಯ ಮಧುವಯ್ಯರ ಕಣ್ಣು ಕೀಳಿಸಿದ ಪ್ರಸಂಗ. ಇಂದು ಜನಜನಿತವಾಗಿರುವ ಹರಳಯ್ಯ, ಮಧುವರಸರ ಮನೆತನಗಳ ವಿವಾಹವು ಈ ಪುರಾಣದಲ್ಲಿ ದಂಡನೆಯ ಕಾರಣವಾಗಿ ಬರುವುದಿಲ್ಲ. ಅದನ್ನು ಬೆಳೆಸಿದ್ದು ಅನಂತರದ ಪರಂಪರೆ. 1990ರ ಗಿರೀಶ ಕಾರ್ನಾಡರ ‘ತಲೆದಂಡ’ ನಾಟಕದಲ್ಲಂತೂ ಆ ವಿವಾಹವೇ ದುರಂತದ ಕೇಂದ್ರ. ಕಾರಣವಿಲ್ಲದ ದಂಡನೆಯನ್ನು ಕೇಳಿದ ಮನಸ್ಸು ಸುಮ್ಮನಿರಲಾರದು. ಕಾರಣವೊಂದನ್ನು ಹುಡುಕಿ ಅಲ್ಲಿಟ್ಟ ಮೇಲೆಯೇ ಅದು ಅನ್ಯಾಯದ ತೂಕವನ್ನು ಅಳೆಯಬಲ್ಲದು. ವಿವಾಹದ ಕಥೆಯಿಂದ ಬಿಜ್ಜಳನ ಅಪರಾಧಕ್ಕೆ ಅರ್ಥ ಬಂದಿತು. ಜೊತೆಗೆ, ಒಂದು ವಿಚಿತ್ರವೆಂದರೆ, ವರ್ಣಧರ್ಮವನ್ನು ಕಾಪಾಡಿದೆನೆಂದು ಹೇಳಿಕೊಳ್ಳಲು ಅವನಿಗೊಂದು ವಾದವೂ ದೊರೆಯಿತು. ಭೀಮಕವಿಯ ಬಿಜ್ಜಳನಿಗೆ ಆ ವಾದವೂ ಇಲ್ಲ. ಒಮ್ಮೆ ಹಣ ಎಣಿಸಿದ್ದ ಅರಸ ಇಲ್ಲಿ ಏನನ್ನೂ ಕೇಳದೆ ಕಣ್ಣು ಕೀಳಿಸುತ್ತಾನೆ. ಅವನ ಪತನವನ್ನು ಪವಾಡಗಳಲ್ಲಿ ಅರಸುವುದಕ್ಕಿಂತ ಈ ಇಳಿಜಾರಿನಲ್ಲಿ ಕಾಣುವುದು ಕಾವ್ಯಕ್ಕೆ ಹೆಚ್ಚು ನ್ಯಾಯ.

ಹಾಗಾದರೆ ಕವಿ ಶರಣರನ್ನು ವಿಚಾರಣೆಯಿಂದ ಹೊರಗಿಟ್ಟನೆ? ಇದಕ್ಕೆ ಉತ್ತರ ಮಾಚಿದೇವರ ಇನ್ನೊಂದು ಕಥೆಯಲ್ಲಿದೆ. ದಾನದಲ್ಲಿ ತಮಗೆ ಸಮಾನರಿಲ್ಲವೆಂಬ ಭಾವ ಬಸವಣ್ಣನವರಲ್ಲಿ ಒಮ್ಮೆ ಸುಳಿಯುತ್ತದೆ. ಅದನ್ನು ಸಹಿಸದವರು ಬಿಜ್ಜಳನೂ ಅಲ್ಲ, ಕೊಂಡೆಯರೂ ಅಲ್ಲ; ಬಟ್ಟೆ ಒಗೆಯುವ ಮಾಚಿದೇವರು. ಮಡಿಯ ನೀರಿನ ಹನಿಗಳು ಮುತ್ತುರತ್ನಗಳಾಗುವುದನ್ನು ಅವರು ತೋರಿಸಿದಾಗ ದಂಡನಾಯಕರ ದಾನ ಎಷ್ಟು ಸಣ್ಣದೆಂಬುದು ಬೆಳಕಿಗೆ ಬರುತ್ತದೆ. ಹಿಂದಿನ ಕಥೆಯಲ್ಲಿ ಪಕ್ಷಪಾತವೆಂದು ಕಂಡ ಅದೇ ಮಾಚಿದೇವರ ನಿಷ್ಠುರತೆ ಇಲ್ಲಿ ತಮ್ಮವರ ಮೇಲೆಯೇ, ಅದೂ ಎಲ್ಲರಿಗಿಂತ ಹಿರಿಯರಾದವರ ಮೇಲೆ ಬೀಳುತ್ತದೆ. ಹಿಪ್ಪರಗಿಯವರು ಬಾಗೇವಾಡಿಯವರನ್ನು ನೆರೆಯವರೆಂದು ಬಿಡಲಿಲ್ಲ.

ಈ ಎರಡು ಕಥೆಗಳಲ್ಲಿ ಮೊದಲನೆಯದನ್ನು ಮಾತ್ರ ಓದಿದ ವಿದ್ಯಾರ್ಥಿಗೆ ಬಸವಪುರಾಣ ಒಂದು ಪಕ್ಷದ ವಕಾಲತ್ತಿನಂತೆ ತೋರುವುದು ಸಹಜ. ಎರಡನೆಯದರಲ್ಲಿ ಬಸವಣ್ಣನವರು ಸಾಕ್ಷಿ ಕೇಳುವುದಿಲ್ಲ, ಪದವಿಯನ್ನು ಮುಂದೆ ಮಾಡುವುದಿಲ್ಲ. ಪಡೆಯನ್ನು ಅಟ್ಟಬಲ್ಲ ಅಧಿಕಾರ ಅವರಲ್ಲಿಯೂ ಇತ್ತು. ಅವರು ಮಡಿವಾಳನ ಪಾದಕ್ಕೆ ಬಾಗುತ್ತಾರೆ.