ಕೊಬ್ಬಿನ ಪಥ್ಯವೂ ಶ್ರಾವಕನ ಅಡಿಗೆಮನೆಯೂ

ಅಮೆರಿಕದ ಹೃದ್ರೋಗತಜ್ಞ ರಾಬರ್ಟ್ ಅಟ್ಕಿನ್ಸ್ 1972ರಲ್ಲಿ ಪ್ರಕಟಿಸಿದ ಪಥ್ಯಗ್ರಂಥವೂ 1992ರಲ್ಲಿ ಅದಕ್ಕೆ ಅವರೇ ಕೊಟ್ಟ ಹೊಸ ರೂಪವೂ ಲಕ್ಷಾಂತರ ಪ್ರತಿಗಳಲ್ಲಿ ಮಾರಾಟವಾದವು. ಇಂದು 'ಕೀಟೋ' ಎಂಬ ಚಿಕ್ಕ ಹೆಸರಿನಿಂದ ನಮ್ಮ ಊರುಗಳ ಮಧ್ಯಮವರ್ಗದ ಮನೆಗಳನ್ನು, ಅವುಗಳಲ್ಲಿ ಜೈನ ಮನೆಗಳನ್ನೂ, ಪ್ರವೇಶಿಸಿರುವ ಆಹಾರಕ್ರಮವು ಬಹುಮಟ್ಟಿಗೆ ಈ ಗ್ರಂಥದ ಸಂತಾನ. ಪುಸ್ತಕವನ್ನು ಕಣ್ಣಿನಿಂದಲೂ ಕಾಣದವರು ಅದರ ಮತವನ್ನು ಪಾಲಿಸುತ್ತಿದ್ದಾರೆ. ಆದುದರಿಂದ ಅದನ್ನು ಕೇವಲ ವೈದ್ಯಕೀಯ ಕೃತಿಯೆಂದು ವೈದ್ಯರ ವಿಮರ್ಶೆಗೆ ಬಿಟ್ಟುಬಿಡುವುದು ಸಾಲದು. ಮನೆ, ಊಟ, ಅಡಿಗೆ ಮಾಡುವ ಕೈ, ಇವುಗಳ ವಿಷಯದಲ್ಲಿ ಆ ಕೃತಿಯ ಕಲ್ಪನೆ ಏನೆಂಬುದನ್ನು ಶ್ರಾವಕಧರ್ಮದ ಬೆಳಕಿನಲ್ಲಿ ಪರಿಶೀಲಿಸುವುದು ಅವಶ್ಯ.

ಗ್ರಂಥದ ಸಿದ್ಧಾಂತ ಸರಳವಾದುದು. ಅನ್ನ, ರೊಟ್ಟಿ, ಸಕ್ಕರೆಗಳಿಂದ ಬರುವ ಶರ್ಕರಪಿಷ್ಟವನ್ನು ತೀರ ಕಡಿಮೆ ಮಾಡಿದರೆ ದೇಹವು ಕೊಬ್ಬನ್ನು ಇಂಧನವಾಗಿ ಬಳಸತೊಡಗುತ್ತದೆ. ಯಕೃತ್ತು ಕೊಬ್ಬಿನಿಂದ ಕೀಟೋನ್ ಎಂಬ ಪದಾರ್ಥಗಳನ್ನು ತಯಾರಿಸುತ್ತದೆ. ಮೆದುಳು ಸಹ ಅವುಗಳನ್ನು ಉಪಯೋಗಿಸಬಲ್ಲದು. ಮೊದಲ ಎರಡು ವಾರ ದಿನಕ್ಕೆ 20 ಗ್ರಾಂ ಶರ್ಕರಪಿಷ್ಟ ಮಾತ್ರ. ಆಮೇಲೆ ಹಂತಹಂತವಾಗಿ ಅಲ್ಪ ಏರಿಕೆ. ಬೇಯಿಸಿದ ಒಂದು ಬಟ್ಟಲು ಅನ್ನದಲ್ಲಿ ಸುಮಾರು 45 ಗ್ರಾಂ ಇರುತ್ತದೆಂಬುದನ್ನು ನೆನೆದರೆ ಈ ಕಟ್ಟಳೆಯ ಕಾಠಿಣ್ಯ ತಿಳಿಯುತ್ತದೆ. ವಿಚಾರವೂ ಹೊಸದಲ್ಲ. ಶವಸಂಸ್ಕಾರದ ವೃತ್ತಿಯಲ್ಲಿದ್ದ ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಎಂಬ ಸ್ಥೂಲಕಾಯದ ಗೃಹಸ್ಥನು ವೈದ್ಯರ ಸಲಹೆಯಂತೆ ಬ್ರೆಡ್ಡು, ಸಕ್ಕರೆ, ಆಲೂಗೆಡ್ಡೆಗಳನ್ನು ಬಿಟ್ಟು ತೆಳ್ಳಗಾದುದನ್ನು 1863ರಲ್ಲಿಯೇ ಕಿರುಹೊತ್ತಗೆಯಾಗಿ ಅಚ್ಚು ಹಾಕಿಸಿದ್ದನು.

ಅಟ್ಕಿನ್ಸ್ ಗ್ರಂಥದ ಆಕರ್ಷಣೆಯಿರುವುದು ಅದರ ಉದಾರವಾದ ಆಶ್ವಾಸನೆಯಲ್ಲಿ. ಹಸಿದುಕೊಳ್ಳಬೇಕಾಗಿಲ್ಲ, ಅಳೆದು ತಿನ್ನಬೇಕಾಗಿಲ್ಲ, ಮಾಂಸ, ಮೀನು, ಮೊಟ್ಟೆ, ಬೆಣ್ಣೆಗಳನ್ನು ತೃಪ್ತಿಯಾಗುವಷ್ಟು ತಿಂದೇ ಕೃಶರಾಗಬಹುದು ಎಂಬ ಮಾತು ಯಾರನ್ನು ತಾನೆ ಸೆಳೆಯದು? ಮೊದಲ ಹಂತದಲ್ಲಿ ಧಾನ್ಯ, ಬೇಳೆ, ಹಣ್ಣುಗಳಿಗೆ ಪ್ರವೇಶವಿಲ್ಲ. ಈಗ ಅದೇ ಪಟ್ಟಿಯನ್ನು ಶ್ರಾವಕನ ಎದುರಿಗಿಟ್ಟು ನೋಡಬೇಕು. ಮಾಂಸ, ಮೀನು, ಮೊಟ್ಟೆಗಳು ಪ್ರಶ್ನೆಯೇ ಇಲ್ಲದೆ ಹೋದವು. ಕರುವಿನ ಜಠರದಿಂದ ತೆಗೆದ ರೆನೆಟ್ ಬೆರೆತ ಚೀಸ್ ಹೋಯಿತು. ಅಣಬೆ ಅಭಕ್ಷ್ಯ. ಅನ್ನಕ್ಕೆ ಬದಲಾಗಿ ಕೀಟೋ ಅಡಿಗೆಯವರು ತುರಿದು ಬೇಯಿಸುವ ಹೂಕೋಸನ್ನು ಅದರ ಎಸಳುಗಳಲ್ಲಿ ಅಡಗುವ ಹುಳುಗಳ ಕಾರಣದಿಂದ ಬಿಟ್ಟ ಮನೆಗಳು ಅನೇಕ. ಬೆಣ್ಣೆಯ ವಿಷಯ ಇನ್ನೂ ಸ್ವಾರಸ್ಯವಾದುದು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು, ಪ್ರಯೋಜನ ಅಲ್ಪವಾಗಿ ಹಿಂಸೆ ಬಹಳವಾಗುವ ಪದಾರ್ಥಗಳ ನಡುವೆ ಮೂಲಂಗಿ, ಹಸಿಶುಂಠಿಗಳೊಂದಿಗೆ ಬೆಣ್ಣೆಯನ್ನೂ ಎಣಿಸಿದೆ. ಕಡೆದ ಬೆಣ್ಣೆಯನ್ನು ಅಂತರ್ಮುಹೂರ್ತದೊಳಗೆ ಕಾಯಿಸಿ ತುಪ್ಪ ಮಾಡಿಕೊಳ್ಳಬೇಕೆಂಬ ಸಂಪ್ರದಾಯದ ಮೂಲ ಇಂತಹ ವಿವೇಚನೆಯಲ್ಲಿದೆ. ಕಡೆಗೆ ಉಳಿಯುವುದು ತುಪ್ಪ, ತೆಂಗಿನಕಾಯಿ, ಎಣ್ಣೆ, ಸೊಪ್ಪು, ಸೌತೆ, ಪಡುವಲ, ಹೀರೆ. ಎರಡು ವಾರ ಇವುಗಳಿಂದಲೇ ಬದುಕಬೇಕೆಂದರೆ ಅದು ಪಥ್ಯವಾಗದೆ ಒಂದು ಬಗೆಯ ಕಠೋರ ತಪಸ್ಸಾಗುತ್ತದೆ, ಆದರೆ ತಪಸ್ಸಿನ ಉದ್ದೇಶವೊಂದು ಬಿಟ್ಟು.

ಒಂದು ಕಡೆ ಮಾತ್ರ ಎರಡು ಪಟ್ಟಿಗಳೂ ಕೂಡುತ್ತವೆ. ಆಲೂಗೆಡ್ಡೆಯನ್ನು ಕೀಟೋ ಪಥ್ಯದವನೂ ಬಿಡುತ್ತಾನೆ, ವ್ರತಿಕನೂ ಬಿಡುತ್ತಾನೆ. ಮೊದಲನೆಯವನು ಗೆಡ್ಡೆಯೊಳಗಿನ ಪಿಷ್ಟವನ್ನು ಕಂಡು ಅಂಜಿದರೆ ಎರಡನೆಯವನು ಅದರೊಳಗಿನ ಅನಂತ ಜೀವರಾಶಿಯನ್ನು ಕುರಿತು ಮರುಗುತ್ತಾನೆ. ತಟ್ಟೆ ಒಂದೇ ಆದರೂ ತ್ಯಾಗ ಒಂದೇ ಅಲ್ಲ.

ಗ್ರಂಥಕ್ಕೆ ಸಲ್ಲಬೇಕಾದ ನ್ಯಾಯವನ್ನು ಸಲ್ಲಿಸಲೇಬೇಕು. 1973ರಲ್ಲಿ ಅಮೆರಿಕದ ವೈದ್ಯಕೀಯ ಸಂಘವು ಅಟ್ಕಿನ್ಸ್ ಮತವನ್ನು ತೀವ್ರವಾಗಿ ಖಂಡಿಸಿತು. ಆದರೂ ಸಕ್ಕರೆ ಮತ್ತು ನುಣುಪು ಹಿಟ್ಟುಗಳು ಆರೋಗ್ಯವನ್ನು ಕೆಡಿಸುತ್ತವೆಂಬ ಅವರ ಮುಖ್ಯ ಆಕ್ಷೇಪಣೆಯನ್ನು ಇಂದು ಅಲ್ಲಗಳೆಯುವ ವೈದ್ಯರು ವಿರಳ. ನಮ್ಮ ಮನೆಗಳ ಸ್ಥಿತಿಯೂ ಹೆಮ್ಮೆಪಡುವಂತಹುದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ ಸುಮಾರು 10 ಕೋಟಿ 10 ಲಕ್ಷ. ಬೆಳಿಗ್ಗೆ ಅಕ್ಕಿಯ ತಿಂಡಿ, ಮಧ್ಯಾಹ್ನ ಅನ್ನ, ಸಂಜೆ ಅನ್ನ, ನಡುವೆ ಸಕ್ಕರೆಯ ಕಾಫಿ, ಹಬ್ಬದ ದಿನ ಹೋಳಿಗೆ. ಮಾಂಸವನ್ನು ಬಿಟ್ಟಿದ್ದೇವೆಂಬ ತೃಪ್ತಿಯಲ್ಲಿ ತಟ್ಟೆಯ ಮುಕ್ಕಾಲು ಭಾಗವನ್ನು ಪಿಷ್ಟಕ್ಕೆ ಒಪ್ಪಿಸಿದ ಸಮಾಜಕ್ಕೆ ಅಟ್ಕಿನ್ಸ್ ಅವರನ್ನು ಪೂರ್ಣವಾಗಿ ಅಲ್ಲಗಳೆಯುವ ಅಧಿಕಾರವಿಲ್ಲ. ಅವರ ಮತವೇ ಪರಮ ಸತ್ಯವೆಂಬುದಕ್ಕೂ ಆಧಾರವಿಲ್ಲ. 2018ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 609 ಮಂದಿಯನ್ನು ಒಂದು ವರ್ಷ ಪರೀಕ್ಷಿಸಿದಾಗ, ಕೊಬ್ಬು ಕಡಿಮೆ ಮಾಡಿದವರಿಗೂ ಶರ್ಕರಪಿಷ್ಟ ಕಡಿಮೆ ಮಾಡಿದವರಿಗೂ ತೂಕದ ಇಳಿಕೆಯಲ್ಲಿ ಗಣನೀಯ ಅಂತರ ಕಾಣಲಿಲ್ಲ. ಎರಡು ಪಂಗಡದವರಿಗೂ ಸಕ್ಕರೆ, ಮೈದಾಗಳನ್ನು ಬಿಡುವಂತೆ ಹೇಳಲಾಗಿತ್ತೆಂಬುದು ಗಮನಾರ್ಹ. ಮೊದಲ ವಾರದಲ್ಲಿ ತಕ್ಕಡಿಯ ಮುಳ್ಳು ಸರ್ರನೆ ಇಳಿಯುವುದನ್ನು ಕಂಡು ಹಿಗ್ಗುವವರು ಒಂದನ್ನು ತಿಳಿದಿರಬೇಕು: ದೇಹದಲ್ಲಿ ಸಂಗ್ರಹವಾದ ಒಂದು ಗ್ರಾಂ ಗ್ಲೈಕೋಜನ್ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಆರಂಭದಲ್ಲಿ ಹೋಗುವುದು ಬಹುಪಾಲು ಆ ನೀರು.

ಗ್ರಂಥದ ನಿಜವಾದ ದೌರ್ಬಲ್ಯ ಬೇರೆಡೆ ಇದೆ. ಅದರ ಓದುಗನು ಒಂಟಿ. ಅವನಿಗೆ ತಟ್ಟೆಯುಂಟು, ತಕ್ಕಡಿಯುಂಟು. ಆದರೆ ಪಕ್ಕದಲ್ಲಿ ಅನ್ನ ಕಲಸಿಕೊಳ್ಳುತ್ತಿರುವ ಮಗುವಿಲ್ಲ, ಗಂಜಿಯನ್ನೇ ನಂಬಿದ ಮುದಿ ತಾಯಿಯಿಲ್ಲ, ಒಲೆಯ ಮುಂದೆ ನಿಂತವಳ ಮುಖವಂತೂ ಇಲ್ಲವೇ ಇಲ್ಲ. ಬೆಂಗಳೂರಿನಂತಹ ನಗರದಲ್ಲಿ ಬೆಳಿಗ್ಗೆ ಎಂಟಕ್ಕೆ ಗಂಡಹೆಂಡಿರಿಬ್ಬರೂ ಕಚೇರಿಗೆ ಹೊರಡುವ ಸಂಸಾರವನ್ನು ಊಹಿಸಿಕೊಂಡರೆ ಇದರ ಅರ್ಥ ಸ್ಪಷ್ಟವಾಗುತ್ತದೆ. ಮಕ್ಕಳ ಡಬ್ಬಿಗೆ ಚಪಾತಿ, ಅತ್ತೆಗೆ ಮೆತ್ತಗಿನ ಅನ್ನ, ಯಜಮಾನನಿಗೆ ಬಾದಾಮಿ ಹಿಟ್ಟಿನ ರೊಟ್ಟಿ. ಸಾರಿಗೆ ಬೇಳೆ ಹಾಕಿದ ಪಾತ್ರೆಯೊಂದು, ಹಾಕದ ಪಾತ್ರೆಯೊಂದು. ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸುವ ನಿಯಮವಿದ್ದರಂತೂ ಈ ಎರಡು ಅಡಿಗೆಗಳೂ ಬೆಳಗಿನ ಜಾವದಲ್ಲಿಯೇ ಆಗಬೇಕು. ಪಥ್ಯ ಹಿಡಿದವನು ಒಬ್ಬ, ಪಥ್ಯದ ಶ್ರಮ ಹೊತ್ತವಳು ಮತ್ತೊಬ್ಬಳು. ಮೂರು ತಿಂಗಳಲ್ಲಿ ಆರು ಕಿಲೋ ಇಳಿದನೆಂದು ನೆಂಟರು ಹೊಗಳುವಾಗ ಆ ಹೊಗಳಿಕೆಯಲ್ಲಿ ಅವಳಿಗೆ ಪಾಲಿರುವುದಿಲ್ಲ. ಹೆಂಗಸೇ ಪಥ್ಯ ಹಿಡಿದ ಮನೆಯಲ್ಲಿ ಸ್ಥಿತಿ ಇನ್ನೂ ವಿಚಿತ್ರ. ಎಲ್ಲರಿಗೂ ಅನ್ನ ಬಡಿಸಿ, ತನಗಾಗಿ ಬೇರೆ ಬೇಯಿಸಲು ಹೊತ್ತಿಲ್ಲದೆ, ಉಳಿದ ಪಲ್ಯದ ಮೇಲೆ ತುಪ್ಪ ಸುರಿದುಕೊಂಡು ಎದ್ದುಬಿಡುತ್ತಾಳೆ.

ಶ್ರಾವಕಾಚಾರದ ಭಾಷೆಯಲ್ಲಿ ಇದಕ್ಕೆ ಹೆಸರಿದೆ: ಆರಂಭ. ಒರಳು, ಬೀಸುವ ಕಲ್ಲು, ಒಲೆ, ನೀರಿನ ಕೊಡ, ಕಸಬರಿಕೆ ಈ ಐದನ್ನು ಗೃಹಸ್ಥನ ಹಿಂಸಾಸ್ಥಾನಗಳೆಂದು ಹಿರಿಯರು ಗುರುತಿಸಿದರು. ಬದುಕುವುದಕ್ಕೆ ಅವು ಅನಿವಾರ್ಯ, ಆದುದರಿಂದಲೇ ಅವುಗಳಲ್ಲಿ ಮಿತಿ ಬೇಕು. ಕೆಂಪು ಮೆಣಸಿನಕಾಯಿ ಹೆಚ್ಚೋ ಕಡಿಮೆಯೋ ಎಂಬಂತಹ ರುಚಿಯ ಪ್ರಶ್ನೆ ಇದಲ್ಲ. ಒಂದೇ ಸೂರಿನ ಕೆಳಗೆ ಎರಡನೆಯ ಅಡಿಗೆ ಹೂಡಿದಾಗ ಬೆಂಕಿ, ನೀರು, ತೊಳೆಯುವಿಕೆ ಎಲ್ಲವೂ ಇಮ್ಮಡಿಯಾಗುತ್ತವೆ. ಮಾಂಸದ ಮಾತೇ ಇಲ್ಲದ ಶುದ್ಧ ಸಸ್ಯಾಹಾರದ ಕೀಟೋ ಕೂಡ ಈ ಲೆಕ್ಕದಿಂದ ತಪ್ಪಿಸಿಕೊಳ್ಳಲಾರದು. 'ಜೈನ ಕೀಟೋ' ಎಂಬ ಹೆಸರಿನ ಪಾಕಪಟ್ಟಿಗಳನ್ನು ಸಿದ್ಧಪಡಿಸುವವರು ಈರುಳ್ಳಿ, ಬೆಳ್ಳುಳ್ಳಿಗಳನ್ನು ತೆಗೆದುಹಾಕಿದರೆ ಸಾಕೆಂದು ಭಾವಿಸಿರುವಂತೆ ತೋರುತ್ತದೆ. ಪದಾರ್ಥಶುದ್ಧಿಯನ್ನು ಕಂಡವರು ಆರಂಭದ ಪ್ರಮಾಣವನ್ನು ಕಾಣಲಿಲ್ಲ.

ಮುನಿಗಳ ಆಹಾರವಿಧಿಯನ್ನು ಇಲ್ಲಿ ಸ್ಮರಿಸುವುದು ಅಪ್ರಸ್ತುತವಾಗದು. ತಮ್ಮನ್ನು ಉದ್ದೇಶಿಸಿಯೇ ತಯಾರಿಸಿದ ಆಹಾರವನ್ನು ಮುನಿಗಳು ಸ್ವೀಕರಿಸುವುದಿಲ್ಲ. ಅದು ಉದ್ದಿಷ್ಟ ದೋಷ. ಗೃಹಸ್ಥನು ತನಗಾಗಿ ಮಾಡಿಕೊಂಡ ಶುದ್ಧ ಅಡಿಗೆಯಲ್ಲಿ ಒಂದು ಭಾಗ ಮಾತ್ರ ಅವರಿಗೆ ಸಲ್ಲುತ್ತದೆ. ಸರ್ವಸಂಗ ಪರಿತ್ಯಾಗಿಗಳೇ ತಮಗೆಂದು ಒಂದು ಪಾತ್ರೆ ಹೆಚ್ಚಾಗಿ ಒಲೆಗೇರಬಾರದೆಂದು ನಿಯಮಿಸಿಕೊಂಡಿರುವಾಗ, ಆರೋಗ್ಯವಂತನಾದ ಗೃಹಸ್ಥನು ಸೊಂಟದ ಸುತ್ತಳತೆಗಾಗಿ ಪ್ರತಿಯೊಂದು ಪಾತ್ರೆಯೂ ತನ್ನನ್ನುದ್ದೇಶಿಸಿಯೇ ಏರಬೇಕೆನ್ನುವುದು ಯೋಚಿಸತಕ್ಕ ಸಂಗತಿ.

ರೋಗಿಯ ಮಾತು ಬೇರೆ. ಕೀಟೋಜೆನಿಕ್ ಪಥ್ಯವೆಂಬ ಹೆಸರು ಹುಟ್ಟಿದುದೇ ತೂಕ ಇಳಿಸುವುದಕ್ಕಲ್ಲ. 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ರಸೆಲ್ ವೈಲ್ಡರ್ ಅಪಸ್ಮಾರದ ರೋಗಿಗಳಿಗಾಗಿ ಅದನ್ನು ಸೂಚಿಸಿದರು. ಉಪವಾಸದಲ್ಲಿ ಮೂರ್ಛೆ ಕಡಿಮೆಯಾಗುವುದನ್ನು ಕಂಡ ವೈದ್ಯರು, ಉಪವಾಸವಿಲ್ಲದೆಯೇ ಆ ಸ್ಥಿತಿಯನ್ನು ಉಂಟುಮಾಡುವ ದಾರಿ ಹುಡುಕಿದರು. ಕೊಬ್ಬು ನಾಲ್ಕು ಭಾಗ, ಉಳಿದುದೆಲ್ಲ ಸೇರಿ ಒಂದು ಭಾಗವೆಂದು ಗ್ರಾಂ ಲೆಕ್ಕದಲ್ಲಿ ತೂಗಿ ಕೊಡುವ ಈ ಪಥ್ಯವು ಔಷಧಕ್ಕೆ ಬಗ್ಗದ ಮೂರ್ಛೆಯಿಂದ ನರಳುವ ಎಷ್ಟೋ ಮಕ್ಕಳಿಗೆ ಇಂದಿಗೂ ಆಸರೆ. ಅಂತಹ ಮಗುವಿನ ತಾಯಿ ಎರಡನೆಯ ಒಲೆ ಹಚ್ಚಿದರೆ ಅದನ್ನು ಆರಂಭವೆಂದು ಎಣಿಸುವವನು ಧರ್ಮವನ್ನು ಅರಿಯನು. ಜೈನ ವೈದ್ಯಪರಂಪರೆ ಸಹ ಪಥ್ಯವನ್ನು ಗೌರವದಿಂದ ಕಂಡಿದೆ. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯಾಚಾರ್ಯರು ತಮ್ಮ ಕಲ್ಯಾಣಕಾರಕದಲ್ಲಿ ಮದ್ಯ, ಮಾಂಸ, ಮಧುಗಳ ನೆರವಿಲ್ಲದೆ ಚಿಕಿತ್ಸೆ ಸಾಧ್ಯವೆಂದು ಪ್ರತಿಪಾದಿಸಿದರು. ಮಾಂಸವಿಲ್ಲದೆ ಬಲವಿಲ್ಲವೆಂಬ ವಾದಕ್ಕೆ ಅಮೋಘವರ್ಷನ ಆಸ್ಥಾನದಲ್ಲಿ ಅವರು ಉತ್ತರ ಕೊಟ್ಟರೆಂಬುದು ಆ ಗ್ರಂಥದ ಹಿತಾಹಿತ ಪ್ರಕರಣದಿಂದ ತಿಳಿಯುತ್ತದೆ. ಪೂಜ್ಯಪಾದರ ಹೆಸರಿನ ಕಲ್ಯಾಣಕಾರಕವನ್ನು ಹನ್ನೆರಡನೆಯ ಶತಮಾನದಲ್ಲಿ ಕನ್ನಡಿಸಿದ ಜಗದ್ದಳ ಸೋಮನಾಥನ ದಾರಿಯೂ ಅದೇ. ಆಧುನಿಕ ಪ್ರಯೋಗವೊಂದು ಈ ಪಕ್ಷಕ್ಕೆ ಸಮೀಪವಾದುದನ್ನು ತೋರಿಸಿದೆ. 2009ರಲ್ಲಿ ಟೊರಾಂಟೋದ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು ಸೋಯಾ, ಗೋಧಿಯ ಅಂಟು, ಬೀಜಗಳು, ತರಕಾರಿಗಳಿಂದಲೇ ಶರ್ಕರಪಿಷ್ಟ ಕಡಿಮೆಯಿರುವ ಆಹಾರವನ್ನು ಕೊಟ್ಟು ನೋಡಿದರು. ನಾಲ್ಕು ವಾರಗಳಲ್ಲಿ ತೂಕವೂ ಇಳಿಯಿತು, ಕೆಟ್ಟ ಕೊಲೆಸ್ಟರಾಲೂ ಇಳಿಯಿತು. ಅಲ್ಲಿ ಶರ್ಕರಪಿಷ್ಟವನ್ನು 20 ಗ್ರಾಮಿಗೆ ಇಳಿಸಿರಲಿಲ್ಲ. ಒಟ್ಟು ಶಕ್ತಿಯ ಸುಮಾರು ಕಾಲುಭಾಗ ಅದರಿಂದಲೇ ಬರುತ್ತಿತ್ತು.

ದಶಲಕ್ಷಣ ಪರ್ವದಲ್ಲಿ ಉಪವಾಸ ಮಾಡುವವರ ರಕ್ತದಲ್ಲಿಯೂ ಕೀಟೋನ್ ಏರುತ್ತದೆ. ಇದನ್ನೇ ಹಿಡಿದು ನಮ್ಮ ಪೂರ್ವಿಕರಿಗೆ ಕೀಟೋ ತಿಳಿದಿತ್ತೆಂದು ಹೇಳುವವರಿದ್ದಾರೆ. ಅದು ಅಗ್ಗದ ಹೆಮ್ಮೆ. ಉಪವಾಸದಲ್ಲಿ ಆಹಾರದೊಂದಿಗೆ ಅಲಂಕಾರ, ಆರಂಭಗಳನ್ನೂ ಬಿಡುವ ವಿಧಿಯಿದೆ. ರಸಪರಿತ್ಯಾಗವೆಂಬ ಬಾಹ್ಯತಪದಲ್ಲಿ ತುಪ್ಪ, ಎಣ್ಣೆ, ಸಕ್ಕರೆಗಳೆಲ್ಲವೂ ತ್ಯಾಗಕ್ಕೆ ಪಾತ್ರವಾದುವೇ. ಸಕ್ಕರೆಯನ್ನು ಬಿಟ್ಟ ಸುಖಕ್ಕೆ ತುಪ್ಪವನ್ನು ಇಮ್ಮಡಿಸಿಕೊಳ್ಳುವ ಏರ್ಪಾಡು ಅಲ್ಲಿಲ್ಲ.

ಹಾಗಾದರೆ ಅವಸರದ ಸಂಸಾರದಲ್ಲಿ ಮಧುಮೇಹವಿರುವವರು ಏನು ಮಾಡಬೇಕು? ಅಟ್ಕಿನ್ಸ್ ಗ್ರಂಥದಿಂದ ತೆಗೆದುಕೊಳ್ಳಬಹುದಾದುದು ಅದರ ಅರ್ಧ ಮಾತ್ರ: ಪಿಷ್ಟವನ್ನು ಇಳಿಸುವ ಅರ್ಧ. ಅದಕ್ಕೆ ಎರಡನೆಯ ಅಡಿಗೆ ಬೇಕಾಗಿಲ್ಲ. ಮನೆಮಂದಿಗೆಲ್ಲ ಮಾಡುವ ಪಲ್ಯದ ಪಾತ್ರೆ ದೊಡ್ಡದಾಗಿ ಅನ್ನದ ಪಾತ್ರೆ ಚಿಕ್ಕದಾದರೆ, ಹುಳಿಯಲ್ಲಿ ತರಕಾರಿಯ ಹೋಳು ಹೆಚ್ಚಿದರೆ, ಸಂಜೆಯ ಕುರುಕಲು ತಿಂಡಿಯ ಜಾಗಕ್ಕೆ ಹುರಿದ ಕಡಲೆಕಾಯಿ ಬಂದರೆ, ಮಗುವೂ ಅಜ್ಜಿಯೂ ಒಂದೇ ಅಡಿಗೆಯನ್ನು ಬೇರೆಬೇರೆ ಅಳತೆಯಲ್ಲಿ ಉಣ್ಣಬಹುದು. ಕೀಟೋನ್ ಏರುವಷ್ಟು ಇಳಿಕೆ ಇದರಿಂದ ಆಗದು, ನಿಜ. ಹೆಚ್ಚಿನವರಿಗೆ ಅದು ಆಗಬೇಕಾಗಿಯೂ ಇಲ್ಲ. ಇನ್ಸುಲಿನ್ ಚುಚ್ಚಿಕೊಳ್ಳುವವರು ವೈದ್ಯರಿಗೆ ತಿಳಿಸದೆ ಅನ್ನ ಬಿಟ್ಟರೆ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ಮೂತ್ರದ ಮೂಲಕ ಸಕ್ಕರೆಯನ್ನು ಹೊರಹಾಕುವ ಗ್ಲಿಫ್ಲೋಜಿನ್ ವರ್ಗದ ಮಾತ್ರೆ ನುಂಗುವವರು ಕೀಟೋ ಹಿಡಿದರೆ, ಸಕ್ಕರೆಯ ಮಟ್ಟ ಬಹಳ ಏರದೆಯೇ ರಕ್ತವು ಆಮ್ಲೀಯವಾಗುವ ವಿಪತ್ತುಂಟು. ಪರ್ವದ ಉಪವಾಸಕ್ಕೂ ಈ ಎಚ್ಚರಿಕೆ ಅನ್ವಯಿಸುತ್ತದೆ. ವ್ರತ ಸ್ವೀಕರಿಸುವ ಮೊದಲು ಗುರುಗಳಲ್ಲಿ ನಿವೇದಿಸುವಂತೆಯೇ ವೈದ್ಯರಲ್ಲಿಯೂ ಕೇಳುವುದರಿಂದ ವ್ರತಕ್ಕೆ ಕುಂದಿಲ್ಲ.

ಬಸದಿಗಳ ಟ್ರಸ್ಟುಗಳು ನಡೆಸುವ ಭೋಜನಶಾಲೆಗಳಿಗೂ ಇದರಲ್ಲಿ ಸಂಬಂಧವಿದೆ. ಯಾತ್ರಿಕರ ಪಂಕ್ತಿಯಲ್ಲಿ ಮಧುಮೇಹಿಗಳು ಎಷ್ಟು ಮಂದಿಯೆಂದು ಊಹಿಸುವುದು ಕಷ್ಟವಲ್ಲ, ಆದರೆ ಎಲೆಯ ಮೇಲೆ ಮೊದಲು ಬೀಳುವುದು ಇಂದು ಅನೇಕ ಕಡೆ ಅನ್ನದ ರಾಶಿ. ಕೋಸಂಬರಿ, ಪಲ್ಯಗಳು ಎಲೆಯ ಮೂಲೆಯಲ್ಲಿ ಚಮಚೆಯಷ್ಟು. ಹಳೆಯ ಕ್ರಮದಲ್ಲಿ ಕೋಸಂಬರಿ, ಪಲ್ಯಗಳೇ ಮೊದಲು ಬಡಿಸಲ್ಪಡುತ್ತಿದ್ದವು. ತರಕಾರಿ ಮತ್ತು ಪ್ರೋಟೀನನ್ನು ಮೊದಲು ತಿಂದು ಪಿಷ್ಟವನ್ನು ಕಡೆಗೆ ತಿಂದರೆ ಊಟದ ನಂತರ ರಕ್ತದ ಸಕ್ಕರೆ ಕಡಿಮೆ ಏರುತ್ತದೆಂದು 2015ರಲ್ಲಿ ನ್ಯೂಯಾರ್ಕಿನ ವೈದ್ಯರು ಮಧುಮೇಹಿಗಳಲ್ಲಿ ನಡೆಸಿದ ಪರೀಕ್ಷೆ ತೋರಿಸಿತು. ಹೆಸರುಬೇಳೆ, ಸೌತೆಕಾಯಿ, ತೆಂಗಿನತುರಿಯ ಕೋಸಂಬರಿಯನ್ನು ಧಾರಾಳವಾಗಿ ಬಡಿಸಿ, ಅದು ಮುಗಿಯುವವರೆಗೆ ಅನ್ನದ ಪಾತ್ರೆಯನ್ನು ಒಳಗೇ ಇರಿಸಿ, ಪಾಯಸವನ್ನು ಕೇಳಿದವರಿಗೆ ಮಾತ್ರ ಬಡಿಸುವಂತೆ ಬಾಣಸಿಗರಿಗೆ ತಿಳಿಸುವುದಕ್ಕೆ ಆಡಳಿತ ಮಂಡಲಿಯ ಒಂದು ಸಭೆ ಸಾಕು. ಒಲೆಗಳ ಸಂಖ್ಯೆ ಏರಬೇಕಾಗಿಲ್ಲ. ಎಲೆಯಲ್ಲಿ ಬಿಟ್ಟೇಳುವ ಅನ್ನವೂ ಕಡಿಮೆಯಾದೀತು.